ಸೂರ್ಯಕಾಂತಿಗೆ ಇನ್ನೂ ಸಮಯ ಉಂಟು

ನನ್ನ ಸೋದರಮಾವ ಹಡಗಿನ ಕೆಲಸದಲ್ಲಿದ್ದವರು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಜೇಬಿನಲ್ಲಿ ಮಿಕ್ಕ ನೋಟು, ಚಿಲ್ಲರೆಗಳನ್ನು ಬೆಣ್ಣೆ ಬಿಸ್ಕತ್ತಿನ ಒಂದು ನೀಲಿ ಡಬ್ಬಿಗೆ ಸುರಿಯುತ್ತಿದ್ದರು. ರಾಟರ್‌ಡ್ಯಾಮ್, ಹ್ಯಾಂಬರ್ಗ್, ಡಬ್ಲಿನ್, ಹೀಗೆ ಅವರು ಇಳಿದ ಬಂದರುಗಳೆಲ್ಲ ಅದರೊಳಗಿದ್ದವು. ಅವರು ತೀರಿಕೊಂಡ ಮೇಲೆ ಅತ್ತೆ ಡಬ್ಬಿಯನ್ನು ನನ್ನ ಕೈಗಿಟ್ಟು, "ಏನಾದರೂ ಸಿಗುತ್ತದಾ ನೋಡು ಮಗ" ಎಂದರು.

ಮಂಗಳೂರಿನ ಹಂಪನಕಟ್ಟೆಯ ಫಾರೆಕ್ಸ್ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಎರಡು ಡಾಲರ್ ನೋಟು ಆರಿಸಿಕೊಂಡು ಉಳಿದದ್ದನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದ. "ಚಿಲ್ಲರೆ ನಾವು ತಗೊಳ್ಳುವುದಿಲ್ಲ ಮಾರಾಯ್ರೇ. ಈ ನೋಟುಗಳು ಈಗ ಚಾಲ್ತಿಯಲ್ಲಿ ಇಲ್ಲ."

ಮನೆಗೆ ಬಂದು ಎಲ್ಲವನ್ನೂ ಒಂದು ಬಿಳಿ ಪಂಚೆಯ ಮೇಲೆ ಹರಡಿದೆ. ಚಾಲ್ತಿಯ ನೋಟನ್ನು ಯಾರೂ ನೋಡುವುದಿಲ್ಲ. ಅಂಕಿ ಓದಿ, ಎಣಿಸಿ, ಮಡಚಿಡುತ್ತೇವೆ. ಅಂಗಡಿಯವನು ಬೇಡವೆಂದ ನೋಟಿನ ಮುಖ ಮಾತ್ರ ಕಣ್ಣಿಗೆ ಬೀಳುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು ಹಾಲೆಂಡಿನ ಐವತ್ತು ಗಿಲ್ಡರ್. ರಾಜನಿಲ್ಲ, ರಾಣಿಯಿಲ್ಲ, ಸೇನಾಪತಿಯಿಲ್ಲ. ಇಡೀ ನೋಟಿನಲ್ಲಿ ಒಂದು ದೊಡ್ಡ ಸೂರ್ಯಕಾಂತಿ ಅರಳಿದೆ. ಅದರ ಮೇಲೆ ಒಂದು ದುಂಬಿ. ಹಳದಿಯೆಂದರೆ ಎಂಥ ಹಳದಿ! ಮದುವೆ ಮನೆಯ ಅರಿಶಿನದಿಂದ ಹಿಡಿದು ಸಂಜೆಯ ಕಿತ್ತಳೆಯವರೆಗಿನ ಛಾಯೆಗಳೆಲ್ಲ ಅದರಲ್ಲಿವೆ. ಕೈಯಲ್ಲಿ ಹಿಡಿದರೆ ಕೋಣೆಗೆ ಬೆಳಕು ಬಂದಂತಾಗುತ್ತದೆ. ಓಟ್ಯೆ ಒಕ್ಸೆನಾರ್ ಎಂಬ ಕಲಾವಿದ 1982ರಲ್ಲಿ ಮಾಡಿಕೊಟ್ಟ ವಿನ್ಯಾಸವಿದು. ಅವರದೇ ನೂರರ ನೋಟಿನಲ್ಲಿ ಉದ್ದ ಕೊಕ್ಕಿನ ಉಲ್ಲಂಕಿ ಹಕ್ಕಿ, ಇನ್ನೂರೈವತ್ತರಲ್ಲಿ ದೀಪಸ್ತಂಭ. ತತ್ತ್ವಜ್ಞಾನಿ ಸ್ಪಿನೋಜಾ ಇರುವ ಸಾವಿರದ ನೋಟಿನಲ್ಲಂತೂ ಆತನ ತಲೆಗೂದಲ ಎಳೆಗಳ ನಡುವೆ ತಮ್ಮ ಬೆರಳಚ್ಚನ್ನೇ ಸೇರಿಸಿಬಿಟ್ಟಿದ್ದರು. ಒಂದು ದೇಶದ ಜನರೆಲ್ಲ ಒಬ್ಬ ಕಲಾವಿದನ ಬೆರಳ ಗುರುತನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ನಮ್ಮ ಹಳೆಯ ಶಿಲ್ಪಿಗಳೂ ಕೆಲವರು ಮೂರ್ತಿಯ ಪೀಠದಲ್ಲಿ ಹೆಸರು ಕೆತ್ತಿದ್ದುಂಟು. ಆ ಮಮತೆಯೇ ಇದು.

ಆಮೇಲೆ ನನ್ನ ಪ್ರೀತಿಯ ನೋಟು, ಜರ್ಮನಿಯ ಹತ್ತು ಮಾರ್ಕ್. ಡಬ್ಬಿಯಲ್ಲಿ ನಾಲ್ಕು ಇದ್ದವು. ನಾನು ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಗಂಟೆಯಾಕಾರದ ಆ ವಕ್ರರೇಖೆಯನ್ನು ಸೀಮೆಸುಣ್ಣದಲ್ಲಿ ಎಳೆದಿದ್ದೇನೆ. ಅದೇ ರೇಖೆ, ಸೂತ್ರದ ಸಮೇತ, ಗಣಿತಜ್ಞ ಗಾಸ್‌ನ ಮುಖದ ಪಕ್ಕದಲ್ಲಿ ಅಚ್ಚಾಗಿದೆ. ಹಿಂದುಗಡೆ ಭೂಮಾಪನದ ಉಪಕರಣ, ಮೂಲೆಯಲ್ಲಿ ಆತ ಹ್ಯಾನೋವರ್ ಸೀಮೆಯನ್ನು ಅಳೆದ ತ್ರಿಕೋನಗಳ ಸಣ್ಣ ಬಲೆ. 1991ರಿಂದ ಯೂರೋ ಬರುವವರೆಗೆ ಜರ್ಮನಿಯ ಜನ ಈ ಸೂತ್ರವನ್ನು ಕೊಟ್ಟು ಬ್ರೆಡ್ಡು, ಹಾಲು ಕೊಂಡಿದ್ದಾರೆ. ಮಾವ ಹ್ಯಾಂಬರ್ಗಿನಲ್ಲಿ ಇದನ್ನು ಕೊಟ್ಟು ಕಾಫಿ ಕುಡಿದಿರಬೇಕು. ನನಗೆ ಅದನ್ನು ಎಷ್ಟು ನೆನೆದರೂ ಸಾಲದು.

ಜರ್ಮನಿಯ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕ್ ಮಾರ್ಕಿನ ನೋಟುಗಳನ್ನೂ ನಾಣ್ಯಗಳನ್ನೂ ಇವತ್ತಿಗೂ ಬದಲಿಸಿ ಕೊಡುತ್ತದೆ. ಗಡುವಿಲ್ಲ, ಶುಲ್ಕವಿಲ್ಲ, 1.95583 ಮಾರ್ಕಿಗೆ ಒಂದು ಯೂರೋ, ಅಂದು ಗೊತ್ತುಮಾಡಿದ ದರವೇ. ಸಾವಿರ ಕೋಟಿಗೂ ಮಿಕ್ಕ ಮಾರ್ಕುಗಳು ಇನ್ನೂ ಹಿಂದಿರುಗದೆ ಎಲ್ಲೆಲ್ಲೋ ಉಳಿದಿವೆ. ಅದರಲ್ಲಿ ಒಂದಿಷ್ಟು ಮಂಗಳೂರಿನ ಬಿಸ್ಕತ್ತು ಡಬ್ಬಿಯಲ್ಲಿ. ಕೊಟ್ಟ ಮಾತನ್ನು ಹೀಗೆ ಉಳಿಸಿಕೊಳ್ಳುವುದರಲ್ಲೂ ಒಂದು ಚೆಲುವಿದೆ, ಸೂರ್ಯಕಾಂತಿಗಿಂತ ಕಡಿಮೆಯಾದದ್ದಲ್ಲ. ಫ್ರಾನ್ಸಿನ ಬಾಗಿಲು ಮಾತ್ರ 2012ರ ಫೆಬ್ರವರಿ 17ಕ್ಕೆ ಮುಚ್ಚಿತು. ಡಬ್ಬಿಯಲ್ಲಿದ್ದ ಐವತ್ತು ಫ್ರಾಂಕಿನ ಮೇಲೆ ಲೇಖಕ ಸಂತೆಕ್ಸುಪೆರಿ, ಅವನ ಪುಟ್ಟ ರಾಜಕುಮಾರ, ಆನೆಯನ್ನು ನುಂಗಿ ಮಲಗಿದ ಹೆಬ್ಬಾವು. ಮಕ್ಕಳ ಕಥೆಯೊಂದು ನೋಟಿನ ಮೇಲೆ ಬಂತಲ್ಲ ಎಂಬ ಖುಷಿಗೆ ಯಾವ ಗಡುವೂ ಇಲ್ಲ.

ನಾಣ್ಯಗಳಲ್ಲಿ ಐರ್ಲೆಂಡಿನ ಹತ್ತು ಪೆನ್ಸ್ ಮೇಲು. ಒಂದು ಬದಿ ಹಾರ್ಪ್ ವಾದ್ಯ, ಇನ್ನೊಂದು ಬದಿ ಸಾಲ್ಮನ್ ಮೀನು. ಅದರ ಬೆನ್ನಿನ ಬಾಗು ಹೆಬ್ಬೆರಳಿಗೆ ಹಿತವಾಗಿ ಸಿಗುತ್ತದೆ. ಸ್ವತಂತ್ರ ಐರ್ಲೆಂಡಿಗೆ ಹೊಸ ನಾಣ್ಯ ಬೇಕಾದಾಗ ಸಮಿತಿಯ ಅಧ್ಯಕ್ಷತೆ ವಹಿಸಿದ್ದು ಕವಿ ಯೇಟ್ಸ್. ಪರ್ಸಿ ಮೆಟ್‌ಕಾಫ್ ಎಂಬ ಶಿಲ್ಪಿ ಮಾಡಿದ ನಾಣ್ಯಗಳು 1928ರಲ್ಲಿ ಬಂದವು: ಕುದುರೆ, ಸಾಲ್ಮನ್, ಗೂಳಿ, ಬೇಟೆನಾಯಿ, ಮೊಲ, ಮರಿಗಳ ಜೊತೆಗೆ ಹೇಂಟೆ, ಮರಿಗಳ ಜೊತೆಗೆ ಹಂದಿ, ಕಾಡುಹಕ್ಕಿ. ರೈತನ ಅಂಗಳವೇ ಆತನ ಅಂಗೈಗೆ ಬಂದಂತೆ. ಕವಿಯನ್ನು ಕೂರಿಸಿ ನಾಣ್ಯ ಮಾಡಿಸಿದ ದೇಶದ ಬಗ್ಗೆ ನನಗೆ ಗೌರವ. ಡಬ್ಲಿನ್ನಿನ ಕೇಂದ್ರ ಬ್ಯಾಂಕೂ ಹಳೆಯ ಹಣವನ್ನು ಗಡುವಿಲ್ಲದೆ ಬದಲಿಸುತ್ತದೆ. ಹತ್ತು ಪೆನ್ಸಿಗೆ ಹದಿಮೂರು ಸೆಂಟ್ ಬಂದೀತು; ಆ ಮೀನನ್ನು ನಾನು ಕೊಡುವುದಿಲ್ಲ. ವಿದೇಶಿ ನಾಣ್ಯಗಳನ್ನು ಎಷ್ಟಾದರೂ ಇಟ್ಟುಕೊಳ್ಳಲು ನಮ್ಮ ಕಾನೂನೂ ಬಿಟ್ಟಿದೆ.

ಮಗಳು ಫ್ರಾಂಕ್‌ಫರ್ಟಿನಲ್ಲಿದ್ದಾಳೆ. ಹೋದ ಸಲ ಹೊರಡುವಾಗ, "ಎಲ್ಲ ಕೊಡಿ ಅಪ್ಪ, ಬ್ಯಾಂಕಿಗೆ ನಾನೇ ಹೋಗುತ್ತೇನೆ" ಎಂದಳು. ಲಕೋಟೆಗೆ ಪಿಯಾನೋ ವಾದಕಿ ಕ್ಲಾರಾ ಶೂಮನ್‌ಳ ನೂರು ಮಾರ್ಕನ್ನು ಹಾಕಿದೆ. ಹಿಂದುಗಡೆಯ ಪಿಯಾನೋವನ್ನು ಇನ್ನೊಮ್ಮೆ ನೋಡಿ ಹಾಕಿದೆ. ಗಾಸ್ ಮೂರು ಹೋದ, ಒಂದು ಉಳಿದ. ಬಂದದ್ದು 66 ಯೂರೋ 47 ಸೆಂಟ್. ಈ ಸಲ ಅವಳು ತಂದ ನೋಟುಗಳನ್ನು ಅದೇ ಹಂಪನಕಟ್ಟೆಯ ಹುಡುಗ ಸಂತೋಷದಿಂದ ತೆಗೆದುಕೊಂಡ. ಐದು ನಾಣ್ಯಗಳು ಮಾತ್ರ ಡಬ್ಬಿ ಸೇರಿದವು.

ಹಣವನ್ನು ಅತ್ತೆಗೆ ಕೊಟ್ಟು ಬರಲು ಹೋಗಿದ್ದೆ. ಎಣಿಸದೆಯೇ ದೇವರ ಮುಂದಿಟ್ಟು, "ಆ ಹೂವಿನ ನೋಟು ಕೊಟ್ಟೆಯಾ?" ಎಂದು ಕೇಳಿದರು.

"ಇಲ್ಲ ಅತ್ತೆ. ಆಮ್‌ಸ್ಟರ್‌ಡ್ಯಾಮಿನ ಬ್ಯಾಂಕಿನವರು 2032ರ ಜನವರಿ ಒಂದರವರೆಗೆ ತಗೊಳ್ಳುತ್ತಾರೆ. ಇನ್ನೂ ಸಮಯ ಉಂಟು."

"ಕೊಡು ಇಲ್ಲಿ" ಎಂದು ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋದರು. ನೋಟನ್ನು ಬೆಳಕಿಗೆ ಹಿಡಿದು ದುಂಬಿ ಎಲ್ಲಿದೆಯೆಂದು ಹುಡುಕತೊಡಗಿದರು.