ಕ್ವಿಕ್‌ಡ್ರಾ ವಲಯಗಳ ‘ಗುಟ್ಟು’

೧೯೮೪ರ ಮ್ಯಾಕಿಂಟಾಷ್ ಗಣಕಯಂತ್ರದಲ್ಲಿ ಬಳಕೆಯಾದ, ಬಿಲ್ ಅಟ್ಕಿನ್ಸನ್ ರಚಿಸಿದ ಕ್ವಿಕ್‌ಡ್ರಾ ಚಿತ್ರಣ ತಂತ್ರಾಂಶವು ಎಂತಹ ಆಕಾರವನ್ನಾದರೂ ಒಂದು ‘ವಲಯ’ವಾಗಿ ಗ್ರಹಿಸುತ್ತಿತ್ತು. ಇದರ ಒಳರಚನೆ ಗುಟ್ಟಾಗಿದ್ದುದರಿಂದಲೇ ಅದನ್ನು ಅನ್ಯ ಯಂತ್ರಗಳಿಗೆ ಒಯ್ಯುವುದು ದುಸ್ಸಾಧ್ಯವಾಯಿತೆಂಬ ಮಾತು ಆಧಾರಪರೀಕ್ಷೆಗೆ ನಿಲ್ಲದು. ಅಟ್ಕಿನ್ಸನ್ನರ ೧೯೮೬ರ ಅಮೆರಿಕನ್ ಪೇಟೆಂಟೇ ಅದನ್ನು ವಿವರಿಸಿದೆ: ಪ್ರತಿ ಸಾಲಿನಲ್ಲಿ ಒಳಗು ಹೊರಗುಗಳು ಅದಲುಬದಲಾಗುವ ಬಿಂದುಗಳನ್ನಷ್ಟೇ ಬರೆದಿಡುವುದು, ಮೇಲಿನದರಂತೆಯೇ ಇರುವ ಸಾಲಿಗೆ ಏನನ್ನೂ ಬರೆಯಬೇಕಾಗಿಲ್ಲ. ಮಿತವ್ಯಯವೆಂದರೆ ಇದು! ಎಕ್ಸ್ ವಿಂಡೋ ವ್ಯವಸ್ಥೆಯಾದರೋ ವಲಯವನ್ನು ಆಯತಗಳ ಪಟ್ಟಿಯಾಗಿಸಿತು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವುದು ಕಠಿನವಲ್ಲ. ಆದರೆ ಮ್ಯಾಕಿಂಟಾಷಿನ ಪಿಕ್ಟ್ ಚಿತ್ರಕಡತಗಳಲ್ಲಿ ಆ ಬಿಂದುಗಳೇ ಅಡಕವಾಗಿರುವುದರಿಂದ, ಅವನ್ನು ಓದಬೇಕಾದವನಿಗೆ ಮೂಲರೂಪವನ್ನು ಬಿಡಿಸದೆ ಗತ್ಯಂತರವಿರಲಿಲ್ಲ. ಉಪಾಯವನ್ನು ಬಯಲು ಮಾಡಿದ ಪೇಟೆಂಟೇ ಅದರ ಬಳಕೆಗೆ ಒಡೆಯನ ಅನುಮತಿಯನ್ನೂ ಅಗತ್ಯವಾಗಿಸಿತ್ತು; ತೊಡಕನ್ನು ಹುಡುಕಬೇಕಾದುದು ಅಲ್ಲಿ.