ಸಂಶೋಧನೆಯ ಅಳತೆಗೋಲು: ಸಮಾಜವಿಜ್ಞಾನ ವಿಭಾಗಗಳನ್ನು ಕುರಿತು ಒಂದು ವಿಮರ್ಶೆ

ವಿಶ್ವವಿದ್ಯಾನಿಲಯದ ಅಧ್ಯಾಪಕನು ಎಷ್ಟು ಸಂಶೋಧನೆ ನಡೆಸಿದ್ದಾನೆ ಎಂಬುದನ್ನು ಅಂಕಗಳಲ್ಲಿ ಎಣಿಸುವ ಪದ್ಧತಿಯು, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಾವಳಿಯ ಮೂಲಕ ನಮ್ಮಲ್ಲಿ ನೆಲೆಗೊಂಡಿತು. 2018ರಲ್ಲಿ ಆ ನಿಯಮಾವಳಿಯು ಪರಿಷ್ಕಾರಗೊಂಡರೂ ಅಂಕಗಳ ಪಟ್ಟಿಯು ರೂಪವನ್ನು ಬದಲಿಸಿಕೊಂಡು ಉಳಿಯಿತು. ಇದರ ಜೊತೆಗೆ 2016ರಿಂದ ಎನ್.ಐ.ಆರ್.ಎಫ್. ಎಂಬ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆಯು ಪ್ರತಿವರ್ಷವೂ ವಿಶ್ವವಿದ್ಯಾನಿಲಯಗಳನ್ನು ಒಂದರ ಕೆಳಗೆ ಒಂದರಂತೆ ಜೋಡಿಸತೊಡಗಿತು. ಈ ಎರಡು ಅಳತೆಗಳೂ ಸೇರಿ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ವಿಭಾಗಗಳ ಕೆಲಸದ ಸ್ವರೂಪವನ್ನೇ ತಿದ್ದಿವೆ. ಆ ತಿದ್ದುಪಡಿಯು ಯಾವ ದಿಕ್ಕಿನದೆಂಬುದನ್ನು, ನಮಗೆ ಹತ್ತಿರದಿಂದ ಗೊತ್ತಿರುವ ಕೋಲಾರ ಜಿಲ್ಲೆಯ ಗಣಿಸೀಮೆಯ ಉದಾಹರಣೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಳತೆಯೇ ಬೇಡವೆನ್ನುವವರ ಪಕ್ಷವನ್ನು ನಾವು ಹಿಡಿದಿಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಕಗಳಿಲ್ಲದ ಕಾಲದಲ್ಲಿ ಸೇವಾವಧಿಯೇ ಯೋಗ್ಯತೆಯೆನಿಸಿಕೊಂಡಿದ್ದ ವಿಭಾಗಗಳನ್ನೂ, ಪ್ರಾಧ್ಯಾಪಕರ ಮರ್ಜಿಯೇ ಮಾನದಂಡವಾಗಿದ್ದ ವಿಭಾಗಗಳನ್ನೂ ವಾಚಕರು ಕಂಡೇ ಇರುತ್ತಾರೆ. ಮೂವತ್ತು ವರ್ಷ ಒಂದೇ ಟಿಪ್ಪಣಿಯನ್ನು ಓದಿ ಹೇಳಿದವರೂ, ಶಾಸನ ಹುಡುಕಿಕೊಂಡು ಊರೂರು ಅಲೆದವರೂ ಒಂದೇ ದಿನ ಒಂದೇ ಹುದ್ದೆಗೆ ಏರುತ್ತಿದ್ದರು. ಬಂಧುವೂ ಅಲ್ಲದ, ಶಿಷ್ಯನೂ ಅಲ್ಲದ ತರುಣ ಅಧ್ಯಾಪಕನಿಗೆ ಅಂಕಪಟ್ಟಿಯು ಒಂದು ರಕ್ಷೆಯಾಗಿ ಬಂದಿತೆಂಬುದನ್ನು ನಾವು ಅಲ್ಲಗಳೆಯಲಾರೆವು. ಆಕ್ಷೇಪಣೆಯಿರುವುದು ಪಟ್ಟಿಯು ಏನನ್ನು ಅಳೆಯುತ್ತದೆ ಎಂಬ ವಿಷಯದಲ್ಲಿ.

2018ರ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಮಾನವಿಕ ಮತ್ತು ಸಮಾಜವಿಜ್ಞಾನಗಳಲ್ಲಿ ಅಂಗೀಕೃತ ಪತ್ರಿಕೆಯೊಂದರ ಒಂದು ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರು ಹೊರತಂದ ಒಂದು ಇಡೀ ಗ್ರಂಥಕ್ಕೆ 10 ಅಂಕ. ಪ್ರಕಾಶಕರು ಅಂತರರಾಷ್ಟ್ರೀಯರಾದರೆ 12. ಒಂದು ಗ್ರಂಥವನ್ನು ಆದ್ಯಂತವಾಗಿ ಭಾಷಾಂತರಿಸಿದರೆ 8. ಹತ್ತು ವರ್ಷಗಳ ಪುಸ್ತಕವೂ ಹತ್ತು ಪುಟಗಳ ಲೇಖನವೂ ಸರಿಸಮಾನ. ಭಾಷಾಂತರವು ಇವೆರಡಕ್ಕೂ ಕಿರಿದು. ಇನ್ನೂ ಒಂದು ಲೆಕ್ಕ ಸ್ವಾರಸ್ಯವಾಗಿದೆ. ಇಬ್ಬರು ಸೇರಿ ಬರೆದರೆ ಪ್ರತಿಯೊಬ್ಬರಿಗೂ ನೂರಕ್ಕೆ 70ರಷ್ಟು ಸಲ್ಲುತ್ತದೆ. ಎಂದರೆ ಒಬ್ಬನೇ ಬರೆದಾಗ 10 ಅಂಕ ಬೆಲೆಯ ಲೇಖನವು ಇಬ್ಬರ ಹೆಸರು ಹೊತ್ತೊಡನೆ 14 ಅಂಕ ಬೆಲೆಯದಾಗುತ್ತದೆ. ಇಬ್ಬರಿಗಿಂತ ಹೆಚ್ಚಾದಲ್ಲಿ ಮುಖ್ಯ ಲೇಖಕನಿಗೆ 70, ಉಳಿದ ಪ್ರತಿಯೊಬ್ಬನಿಗೂ 30ರಷ್ಟು. ಪಟ್ಟಿಯು ಅಳೆಯುವುದು ಅಧ್ಯಾಪಕನನ್ನು. ಅಧ್ಯಾಪಕರ ಅಂಕಗಳನ್ನು ಕೂಡಿಸಿದರೆ ವಿಭಾಗವಾಗುವುದೆಂಬ ನಂಬಿಕೆಯಿಂದಲೇ ವಾರ್ಷಿಕ ವರದಿಗಳು ತಯಾರಾಗುತ್ತವೆ. ಕೂಡಿಕೆಯಲ್ಲಿ ಒಂದೇ ಲೇಖನವು ಎರಡು ಮೂರು ಬಾರಿ ಎಣಿಕೆಗೆ ಬಂದುದನ್ನು ಯಾರೂ ಕೇಳುವುದಿಲ್ಲ.

ನಮ್ಮ ನಾಡಿನಲ್ಲಿ ನಡೆದುಹೋದ ಕೆಲಸಗಳ ಮೇಲೆ ಈ ಅಳತೆಗೋಲನ್ನು ಇಟ್ಟು ನೋಡಬಹುದು. ಹಲ್ಮಿಡಿಯ ಶಾಸನವನ್ನು ಮೈಸೂರಿನ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಕನ್ನಡ ಭಾಷೆಯ ಇತಿಹಾಸದ ಮೊದಲ ಅಧ್ಯಾಯವನ್ನೇ ತಿದ್ದಿ ಬರೆಯಬೇಕಾಗಿ ಬಂದ ಆ ಶೋಧವು ಪ್ರಕಟವಾದುದು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ. ವಾರ್ಷಿಕ ವರದಿಗೆ ಇಂದಿನ ಪಟ್ಟಿಯಲ್ಲಿ ಸ್ಥಾನವಿಲ್ಲ. ಎಂ. ಎನ್. ಶ್ರೀನಿವಾಸರು ‘ರಾಂಪುರ’ವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ನಡೆಸಿದರು, ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು, ಆ ಹಳ್ಳಿಯನ್ನು ಕುರಿತ ಗ್ರಂಥವು 1976ರಲ್ಲಿ ಹೊರಬಂದಿತು. ನಡುವಣ 28 ವರ್ಷಗಳಲ್ಲಿ ಅವರು ಅನೇಕ ಲೇಖನಗಳನ್ನು ಬರೆದರೆಂಬುದು ನಿಜ. ಆದರೆ ಆ ಗ್ರಂಥದ ಪಾಲಿಗೆ ಬರುವುದು 12 ಅಂಕ ಮಾತ್ರ. ಇಂತಹ ಮಹನೀಯರಿಗೆ ಅಂಕಗಳ ಹಂಗು ಇರಲಿಲ್ಲವೆಂದು ಯಾರಾದರೂ ಹೇಳಬಹುದು. ನಮ್ಮ ಉತ್ತರವೂ ಅದೇ: ಇರಲಿಲ್ಲವಾದುದರಿಂದಲೇ ಆ ಕೆಲಸಗಳು ನಡೆದವು.

ಇನ್ನು ಗಣಿಸೀಮೆಗೆ ಬರೋಣ. ಜಾನ್ ಟೇಲರ್ ಕಂಪನಿಯು 1880ರಲ್ಲಿ ಇಲ್ಲಿ ಕಾಲಿಟ್ಟಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಇಲ್ಲಿಗೆ ಹರಿದು ಬಂದಿತು. ಗಣಿಗಳು 1956ರಲ್ಲಿ ಮೈಸೂರು ಸರಕಾರದ, 1962ರಲ್ಲಿ ಕೇಂದ್ರ ಸರಕಾರದ ವಶಕ್ಕೆ ಹೋಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಈ ಒಂದೇ ನೆಲದಿಂದ ಎರಡು ಬಗೆಯ ಸಂಶೋಧನೆಗಳು ಹೊರಟಿವೆ. ಅವುಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ನಮ್ಮ ವಾದವು ಸ್ಪಷ್ಟವಾಗುತ್ತದೆ.

ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದುದು. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರುಗಳಿಗೂ ಹೆಚ್ಚಿನ ಆಳದಲ್ಲಿ ಉಪಕರಣಗಳನ್ನು ಹೂಡಿ, ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು 1965ರಲ್ಲಿ ಹಿಡಿದರು. ಜಗತ್ತಿನಲ್ಲಿಯೇ ಮೊದಲ ಸಾಲಿನ ಶೋಧವದು. ಕೆಲವೇ ಪುಟಗಳ ಆ ಲೇಖನಕ್ಕೆ ಲೇಖಕರು 11 ಮಂದಿ. ಇಂದಿನ ಪಟ್ಟಿಯಲ್ಲಿ ವಿಜ್ಞಾನದ ಲೇಖನಕ್ಕೆ ಮೂಲತಃ 8 ಅಂಕ. ಪತ್ರಿಕೆಯ ಪ್ರಭಾವಾಂಕಕ್ಕಾಗಿ ಸಿಕ್ಕುವ ಹೆಚ್ಚುವರಿಯನ್ನು ಬಿಟ್ಟರೂ 11 ಮಂದಿಯ ಒಟ್ಟು ಗಳಿಕೆ 29.6 ಅಂಕಗಳಾಗುತ್ತದೆ. ಆ ವಿದ್ವಾಂಸರ ಮೇಲೆ ನಮಗೆ ಅಸೂಯೆಯಿಲ್ಲ. ಅವರ ವಿಜ್ಞಾನಕ್ಕೆ ಆ ಬಗೆಯ ಲೇಖನವೇ ಸಹಜ ರೂಪ. ಕಣಕ್ಕೆ ಭಾಷೆಯಿಲ್ಲ, ಜಾತಿಯಿಲ್ಲ, ಕಾಲೊನಿಯಿಲ್ಲ. ಕೋಲಾರದಲ್ಲಿ ಕಂಡುದನ್ನು ಡರ್ಹಮಿನವರು ಮರುದಿನವೇ ಓದಿ ತಿಳಿಯಬಲ್ಲರು.

ಎರಡನೆಯದು, ಅದೇ ಗಣಿಗೆ ಇಳಿದ ಮನುಷ್ಯರನ್ನು ಕುರಿತುದು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು 1998ರಲ್ಲಿ ಪ್ರಕಟವಾಯಿತು. ಬೆರಳಚ್ಚು ಕೊಡಬೇಕೆಂಬ ಹೊಸ ಕಟ್ಟಳೆಯನ್ನು ಪ್ರತಿಭಟಿಸಿ 1930ರಲ್ಲಿ ನಡೆದ ಮುಷ್ಕರವನ್ನು ಅರಿಯಬೇಕಾದರೆ ಸಂಸ್ಥಾನದ ಕಡತಗಳನ್ನೂ ಕಂಪನಿಯ ಕಾಗದಪತ್ರಗಳನ್ನೂ ಸೋಸಬೇಕು. ತಮಿಳುಸೀಮೆಯಿಂದ ಬಂದು ನೆಲೆಸಿದ ಜನರ ಮಾತನ್ನು ಕೇಳಬೇಕು. ಒಬ್ಬರ ಹೆಸರಿನಲ್ಲಿ ಒಂದು ಗ್ರಂಥ. ಬಹಳವೆಂದರೆ 12 ಅಂಕ. ಅದನ್ನು ಯಾರಾದರೂ ಕನ್ನಡಕ್ಕೆ ತರಲು ಹೊರಟರೆ ಎರಡು ವರ್ಷಗಳ ದುಡಿಮೆಗೆ 8. ಅಂತಹ ಕೆಲಸಕ್ಕೆ ಕೈಹಾಕುವಂತೆ ನಾವು ಕಿರಿಯ ಸಹೋದ್ಯೋಗಿಗೆ ಯಾವ ಬಾಯಿಂದ ಹೇಳೋಣ?

ಗಣಿಯಿಂದ ಆಚೆಗಿನ ಹಳ್ಳಿಗಳ ಮಾತಂತೂ ಇನ್ನೂ ಹಿಂದೆ ಬಿದ್ದಿದೆ. ಕ್ಯಾಸಂಬಳ್ಳಿಯು ಆಂಧ್ರದ ಗಡಿಗೆ ಸಮೀಪವಾದ ಊರು. ಸ್ವಾತಂತ್ರ್ಯಾನಂತರ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದ ಕೆ. ಸಿ. ರೆಡ್ಡಿಯವರ ಹೆಸರಿನ ಮೊದಲ ಅಕ್ಷರವು ಈ ಊರೇ. ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು 1902ರಲ್ಲಿ ಇಲ್ಲಿ ಹುಟ್ಟಿದರು. ಗಣಿಯ ಇತಿಹಾಸವೆಂದರೆ ಕಂಪನಿ, ಕಾರ್ಮಿಕ, ಸರಕಾರ ಎಂಬ ಮೂವರ ಇತಿಹಾಸವೆಂದು ಭಾವಿಸುವುದು ರೂಢಿಯಾಗಿದೆ. ಗಣಿಗೆ ಹಾಲು, ಸೊಪ್ಪು, ಸೌದೆಗಳನ್ನು ಒದಗಿಸಿದ ಸುತ್ತಣ ಹಳ್ಳಿಗಳು ಆ ನೂರಿಪ್ಪತ್ತು ವರ್ಷಗಳಲ್ಲಿ ಹೇಗೆ ಬದುಕಿದವು, 2001ರ ತರುವಾಯ ಆ ಸಂತೆ ಕಟ್ಟಿಹೋದಾಗ ಏನು ಮಾಡಿದವು ಎಂಬ ಪ್ರಶ್ನೆಯು ಕೇಳಲು ಅರ್ಹವಾದುದು. ಈ ಪ್ರಶ್ನೆಯನ್ನು ಕೇಳಿದವನು ನಮ್ಮ ಎಂ.ಎ. ತರಗತಿಯ ಒಬ್ಬ ವಿದ್ಯಾರ್ಥಿ, ಅದೇ ಊರಿನ ಕಡೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ರಾಬರ್ಟ್‌ಸನ್ ಪೇಟೆಯ ಅಂಗಡಿಬೀದಿಯಲ್ಲಿ ತಮಿಳು ಕಲಿತವನು. ತನ್ನ ತಾತನ ಓರಗೆಯವರಲ್ಲಿ ಇನ್ನೂ ಆರೇಳು ಮಂದಿ ಉಳಿದಿದ್ದಾರೆಂದೂ, ಅವರ ಮಾತುಗಳನ್ನು ಬರೆದುಕೊಂಡು ಕಿರುಪ್ರಬಂಧ ರಚಿಸುವೆನೆಂದೂ ಕೇಳಿಕೊಂಡನು.

ನಾವು ಒಪ್ಪಲಿಲ್ಲ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ವರ್ಷಾಂತ್ಯದೊಳಗೆ ಅದರಿಂದ ಒಂದು ಇಂಗ್ಲಿಷ್ ಲೇಖನವನ್ನು ಹೊರಡಿಸುವುದು ಸಾಧ್ಯವೇ ಎಂದು ನಾವು ಮನಸ್ಸಿನಲ್ಲಿಯೇ ಎಣಿಸಿದೆವು, ಸಾಧ್ಯವಿಲ್ಲವೆಂದು ಕಂಡಿತು. ಮುದ್ರಿತ ಜನಗಣತಿಯ ಅಂಕಿಗಳಿಂದ ಮೂರು ತಿಂಗಳಲ್ಲಿ ಮುಗಿಯಬಲ್ಲ ಬೇರೊಂದು ವಿಷಯವನ್ನು ಅವನಿಗೆ ಸೂಚಿಸಿದೆವು. ಲೇಖನವು ಪ್ರಕಟವಾಯಿತು. ಅವನಿಗೆ 7, ನಮಗೆ 7. ಅದನ್ನು ಇದುವರೆಗೆ ಓದಿದವರು ಯಾರಾದರೂ ಇದ್ದರೆ ಅವರ ತಾಳ್ಮೆಗೆ ನಮಸ್ಕಾರ. ಆ ಆರೇಳು ಮಂದಿ ಹಿರಿಯರಲ್ಲಿ ಇಬ್ಬರು ಆಮೇಲೆ ತೀರಿಕೊಂಡರೆಂದು ಅವನಿಂದಲೇ ತಿಳಿಯಿತು.

ಅಳತೆಯ ಕೆಟ್ಟ ಪರಿಣಾಮವೆಂದರೆ ಸುಳ್ಳು ಲೇಖನಗಳ ಹಾವಳಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಇದ್ದುದೇ. ಆಯೋಗವು 2017ರಲ್ಲಿ ಅಂಗೀಕೃತ ಪತ್ರಿಕೆಗಳ ಪಟ್ಟಿಯನ್ನು ಹೊರಡಿಸಿ, 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟುದಾಗಿ ಪ್ರಕಟಣೆ ಹೊರಟಿತು. ಹಣ ತೆತ್ತು ಅಚ್ಚುಮಾಡಿಸುವ ಪತ್ರಿಕೆಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಆದರೆ ಮೇಲೆ ಹೇಳಿದ ನಮ್ಮ ಲೇಖನವು ಸುಳ್ಳಲ್ಲ. ಅಂಕಿಗಳು ಸರಿ, ಪತ್ರಿಕೆಯೂ ಮರ್ಯಾದಸ್ಥವಾದುದು. ಪ್ರಾಮಾಣಿಕರೇ ಸುಲಭವಾದ ಪ್ರಶ್ನೆಯ ಕಡೆಗೆ ಸರಿದುಹೋಗುವುದನ್ನು ಯಾವ ಪಟ್ಟಿಯೂ ಹಿಡಿಯಲಾರದು; ಪಟ್ಟಿಯೇ ಅವರನ್ನು ಅತ್ತ ದೂಡುತ್ತದೆ.

ಶ್ರೇಯಾಂಕ ವ್ಯವಸ್ಥೆಯ ವಿಷಯದಲ್ಲಿ ಹೆಚ್ಚು ಬರೆಯಬೇಕಾದುದಿಲ್ಲ. ನೂರರಲ್ಲಿ 30 ಪಾಲು ಸಂಶೋಧನೆಗೆ ಮೀಸಲು. ಅದರ ಲೆಕ್ಕವು ಬಹುಪಾಲು ‘ಸ್ಕೋಪಸ್’ ಮತ್ತು ‘ವೆಬ್ ಆಫ್ ಸೈನ್ಸ್’ ಎಂಬ ಎರಡು ವಿದೇಶೀ ಸೂಚಿಗಳಿಂದ ಬರುತ್ತದೆ. ವಿಜ್ಞಾನದ ಲೇಖನಗಳ ಪರಸ್ಪರ ಉಲ್ಲೇಖಗಳನ್ನು ಎಣಿಸುವ ಸೂಚಿಯನ್ನು ಯೂಜೀನ್ ಗಾರ್‌ಫೀಲ್ಡ್ ಎಂಬವರು 1964ರಲ್ಲಿ ಆರಂಭಿಸಿದರು. ಓದುಗನು ತನಗೆ ಬೇಕಾದ ಲೇಖನವನ್ನು ಹುಡುಕಿಕೊಳ್ಳಲು ನೆರವಾಗುವುದೇ ಅದರ ಮೂಲೋದ್ದೇಶ. ಗ್ರಂಥಾಲಯದ ಉಪಕರಣವೊಂದು ಕಾಲಕ್ರಮದಲ್ಲಿ ತಕ್ಕಡಿಯಾಯಿತು. ಕನ್ನಡದ ವಿದ್ವತ್ಪತ್ರಿಕೆಗಳು ಆ ಸೂಚಿಗಳಲ್ಲಿ ಇಲ್ಲವೆನ್ನುವಷ್ಟು ವಿರಳ. ‘ಪ್ರಬುದ್ಧ ಕರ್ನಾಟಕ’ದಲ್ಲಿ ಅಚ್ಚಾದ ಲೇಖನಕ್ಕೆ ಅಲ್ಲಿ ಬೆಲೆ ಸೊನ್ನೆ, ಕ್ಯಾಸಂಬಳ್ಳಿಯವರು ಓದಬಲ್ಲ ಭಾಷೆಯಲ್ಲಿ ಕ್ಯಾಸಂಬಳ್ಳಿಯನ್ನು ಕುರಿತು ಬರೆದುದಕ್ಕೂ ಸೊನ್ನೆಯೇ. ಭೌತವಿಜ್ಞಾನಕ್ಕೆ ಹೊಂದುವ ಅಳತೆಗೋಲನ್ನು ಸಮಾಜವಿಜ್ಞಾನದ ಮೇಲೆ ಇಟ್ಟಾಗ ಆಗುವುದು ಇಷ್ಟೇ: ಅಳತೆಗೆ ಸಿಕ್ಕದ ಭಾಗವನ್ನು ವಿಭಾಗಗಳು ಮೆಲ್ಲಗೆ ಬಿಟ್ಟುಕೊಡುತ್ತವೆ.

ಬೇರೆ ಮಾರ್ಗವಿದೆಯೇ ಎಂಬ ಪ್ರಶ್ನೆ ಸಹಜ. ಇಂಗ್ಲೆಂಡಿನಲ್ಲಿ 1986ರಿಂದ ಕೆಲವು ವರ್ಷಗಳಿಗೊಮ್ಮೆ ವಿಭಾಗಗಳ ಪರೀಕ್ಷೆ ನಡೆಯುತ್ತಿದೆ. 2014ರ ಸುತ್ತಿನಲ್ಲಿ ಪ್ರತಿಯೊಬ್ಬ ಅಧ್ಯಾಪಕನಿಂದಲೂ ಹೆಚ್ಚೆಂದರೆ ನಾಲ್ಕು ಕೃತಿಗಳನ್ನು ತರಿಸಿಕೊಂಡು ಆಯಾ ಶಾಸ್ತ್ರದ ವಿದ್ವಾಂಸರು ಓದಿದರು. ಎಣಿಸುವುದಕ್ಕೆ ಬದಲು ಓದುವುದು. ನಮಗೆ ಮೆಚ್ಚಿಗೆಯಾಗುವ ಅಂಶವಿದು. ಆದರೆ ಅಲ್ಲಿಯೂ ವೆಚ್ಚ ವಿಪರೀತವೆಂಬ ದೂರಿದೆ. ನಮ್ಮಲ್ಲಿ ಓದುವವರು ಯಾರು, ಅವರನ್ನು ನೇಮಿಸುವವರು ಯಾರು ಎಂಬ ಪ್ರಶ್ನೆಯು ಹಳೆಯ ಮರ್ಜಿಯ ಕಾಲವನ್ನು ನೆನಪಿಗೆ ತರದೆ ಇರದು. 2025ರ ಜನವರಿಯಲ್ಲಿ ಆಯೋಗವು ಹೊರಡಿಸಿದ ಕರಡು ನಿಯಮಾವಳಿಯು ಅಂಕಗಳ ಎಣಿಕೆಯನ್ನು ಬಿಟ್ಟು, ಒಂಬತ್ತು ಕ್ಷೇತ್ರಗಳಲ್ಲಿನ ಗಮನಾರ್ಹ ಕೊಡುಗೆಯನ್ನು ನೋಡಬೇಕೆಂದು ಸೂಚಿಸಿತು. ಗಮನಾರ್ಹವೆಂದು ನಿರ್ಣಯಿಸುವವರು ಕೃತಿಯನ್ನು ಓದದಿದ್ದರೆ ಮಾತು ಬದಲಾಯಿತೇ ಹೊರತು ಕೆಲಸ ಬದಲಾಗದು.

ಆಯೋಗವನ್ನು ಕಾಯದೆ ವಿಭಾಗಗಳೇ ಮಾಡಬಹುದಾದುದು ಒಂದಿದೆ. ವಿಭಾಗದ ವಾರ್ಷಿಕ ವರದಿಯಲ್ಲಿ ಲೇಖನಗಳ ಸಂಖ್ಯೆಯ ಪಕ್ಕದಲ್ಲಿ, ಮುಂದಿನವರ ಬಳಕೆಗಾಗಿ ಆ ವರ್ಷ ಏನನ್ನು ಕೂಡಿಟ್ಟೆವು ಎಂಬುದಕ್ಕೆ ಒಂದು ಅಂಕಣವಿರಲಿ: ಓದಿದ ಶಾಸನ, ಬರೆದುಕೊಂಡ ಹೇಳಿಕೆ, ಸೂಚಿ ಮಾಡಿದ ಕಡತ, ಭಾಷಾಂತರಿಸಿದ ಗ್ರಂಥ. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಕೋಲಾರ ಸಂಪುಟವು 1905ರದು. ಬೌರಿಂಗ್‌ಪೇಟೆ ಎಂಬ ಹಳೆಯ ಹೆಸರಿನಲ್ಲಿ ಬಂಗಾರಪೇಟೆ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಇಂದಿಗೂ ಈ ಸೀಮೆಯ ಪ್ರಾಚೀನ ಚರಿತ್ರೆಯನ್ನು ಬರೆಯುವವರು ಮೊದಲು ತೆರೆಯುವುದು ಅದನ್ನೇ. ಅದನ್ನು ಇಂದು ಸಂಪಾದಿತ ಗ್ರಂಥವೆಂದು ಎಣಿಸಿದರೆ 8 ಅಥವಾ 10 ಅಂಕ.

ಆ ವಿದ್ಯಾರ್ಥಿಗೆ ನಾವು ಪತ್ರ ಬರೆದಿದ್ದೇವೆ. ಅವನು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತಾನೆ. ಭಾನುವಾರಗಳಲ್ಲಿ ಬಿಡುವಿದೆಯೆಂದು ಉತ್ತರ ಬಂದಿದೆ. ಉಳಿದ ಹಿರಿಯರಲ್ಲಿ ಒಬ್ಬರಿಗೆ ಕಿವಿ ಮಂದವಂತೆ. ಪ್ರಶ್ನೆಗಳನ್ನು ತೆಲುಗಿನಲ್ಲಿ ದೊಡ್ಡಕ್ಷರಗಳಲ್ಲಿ ಬರೆದುಕೊಂಡು ಬರಬೇಕೆಂದು ತಿಳಿಸಿದ್ದಾನೆ.