ಹೆಳವರ ಹೊತ್ತಗೆಯೂ ದಾಖಲೆಯೇ

ಹಾವೇರಿ ಬಳಿಯ ಅಗಡಿಯ ಸೀಮೆಯ ಮನೆತನಗಳ 19ನೇ ಶತಮಾನದ ಹಿರಿಯರನ್ನು ಉತಾರದಿಂದ, ಅಂದರೆ ಹೊಲದ ಹಕ್ಕುದಾಖಲೆಯ ಪ್ರತಿಯಿಂದ, ಹಿಂದಕ್ಕೆ ಹುಡುಕುತ್ತ ಹೋಗುವ ಕ್ರಮವನ್ನು ಈ ವಾರ ಮುಂದುವರಿಸಬೇಕಿತ್ತು. ಆದರೆ ಆ ದಾರಿ ಎಲ್ಲಿ ನಿಂತುಹೋಗುತ್ತದೆ ಎಂಬುದು ಅದಕ್ಕಿಂತ ಮುಖ್ಯವಾದ ವಿಚಾರ. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದೇ 1903ರಲ್ಲಿ. ಅದರಾಚೆಗೆ 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಆರಂಭವಾದ, ಬ್ರಿಟಿಷ್ ಅಧಿಕಾರಿ ವಿಂಗೇಟನ ಸರ್ವೆಯ ಪತ್ರಗಳಿವೆಯಾದರೂ ಅವುಗಳ ಕಾಳಜಿ ಹೊಲದ ಅಳತೆ ಮತ್ತು ಕಂದಾಯವೇ ಹೊರತು ಖಾತೆದಾರನ ಅಣ್ಣತಮ್ಮಂದಿರಲ್ಲ. ಆಗ ಹಾವೇರಿ ಪಟ್ಟಣವೂ ಕರಜಗಿ ತಾಲ್ಲೂಕಿಗೆ ಸೇರಿದ್ದುದರಿಂದ ಹಳೆಯ ಕಟ್ಟುಗಳನ್ನು ಆ ಹೆಸರಿನಲ್ಲಿ ಕೇಳಬೇಕೆಂಬುದು ನಿತ್ಯದ ಓದುಗರಿಗೆ ತಿಳಿದದ್ದೇ.

ಸರಕಾರದ ಕಾಗದದಲ್ಲಿ ಇರುವುದಷ್ಟೇ ವಂಶಾವಳಿ, ಉಳಿದದ್ದೆಲ್ಲ ಕಟ್ಟುಕತೆ ಎಂದು ವಾದಿಸುವ ಪಂಥವೊಂದಿದೆ. ಆ ಕಾಗದ ಯಾರ ಸಲುವಾಗಿ ಹುಟ್ಟಿತು ಎಂಬ ಪ್ರಶ್ನೆಯನ್ನು ಈ ಪಂಥ ಕೇಳುವುದಿಲ್ಲ. 1852ರ ಇನಾಂ ಕಾಯ್ದೆ ಮತ್ತು 1874ರ ವತನ ಕಾಯ್ದೆಗಳ ಕಾಲದಲ್ಲಿ ಇನಾಂ ಭೂಮಿಯನ್ನೋ ಗೌಡಕಿ, ಕುಲಕರ್ಣಿಕೆಗಳಂಥ ವಂಶಪಾರಂಪರ್ಯದ ಹುದ್ದೆಯನ್ನೋ ಉಳಿಸಿಕೊಳ್ಳಬೇಕಾದವರು ತಮ್ಮ ಪೀಳಿಗೆಯನ್ನು ರುಜುವಾತುಪಡಿಸಬೇಕಾಗಿತ್ತು. ಎರಡೆತ್ತಿನ ಒಕ್ಕಲಿಗನನ್ನು ಅಂಥದೇನನ್ನೂ ಯಾರೂ ಕೇಳಲಿಲ್ಲ. ಕಾಗದವನ್ನಷ್ಟೇ ನಂಬಿದರೆ ಊರಿನ ಚರಿತ್ರೆ ವತನದಾರರ ಚರಿತ್ರೆಯಾಗಿ ಉಳಿಯುತ್ತದೆ.

ಒಕ್ಕಲು ಮನೆತನಗಳ ಲೆಕ್ಕವನ್ನು ಇಟ್ಟವರು ಹೆಳವರು. ತಮ್ಮ ಪಾಲಿಗೆ ಬಂದ ಮನೆಗಳಿಗೆ ಕೆಲವು ವರ್ಷಗಳಿಗೊಮ್ಮೆ ಸುಗ್ಗಿ ಮುಗಿದ ಮೇಲೆ ಬಂದು, ಬಾಗಿಲ ಮುಂದೆ ನಿಂತು, ಮನೆತನದ ಮೂಲ ಊರು, ಬೆಡಗು, ಅಲ್ಲಿಂದ ಹೊರಟವನ ಹೆಸರು, ಅವನ ಮಕ್ಕಳು ಕವಲೊಡೆದ ಬಗೆ ಇವನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಗೆಯಲ್ಲಿ ಸೇರಿಸಿಕೊಂಡು, ಕಾಳು, ಬಟ್ಟೆ, ಪಾತ್ರೆ ಅಥವಾ ಕರುವನ್ನು ಕಾಣಿಕೆಯಾಗಿ ಪಡೆಯುವುದು ಅವರ ವೃತ್ತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಈ ಸೀಮೆಯಲ್ಲಿ ‘ಬಸಪ್ಪ ಬಿನ್ ಚನ್ನಪ್ಪ’, ‘ಚನ್ನಪ್ಪ ಬಿನ್ ಬಸಪ್ಪ’ ಎಂಬ ಹೆಸರುಗಳು ಪುನಃ ಪುನಃ ಬಂದು, ಕಾಗದ ಓದುವವನು ಇಬ್ಬರು ಬಸಪ್ಪರನ್ನು ಒಬ್ಬನೆಂದೇ ತಿಳಿಯುವ ಅಪಾಯವಿದೆ. ಹೆಳವರು ಹೇಳುವ ತಲೆಮಾರಿನ ಸರಣಿ ಈ ಗೊಂದಲವನ್ನು ಬಿಡಿಸಬಲ್ಲದು.

ಆದರೂ ಅವರ ಮಾತನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ. ಹೆಳವರ ಪಟ್ಟಿ ಹೆಚ್ಚಾಗಿ ಗಂಡುಮಕ್ಕಳ ಕವಲನ್ನೇ ಹಿಡಿಯುತ್ತದೆ, ಇಸವಿಯನ್ನು ಕೊಡುವುದು ವಿರಳ. ಮನೆಯ ಹಿರಿಯರು ನೆನೆಯುವ ಸಂವತ್ಸರವೂ 60 ವರ್ಷಕ್ಕೊಮ್ಮೆ ಮರಳುತ್ತದೆ: ಧಾತು ಸಂವತ್ಸರವೆಂದರೆ 1816–17, 1876–77, 1936–37 ಮೂರೂ ಆಗಬಹುದು. ಅದರ ಜೊತೆಗೆ ಬರದ ನೆನಪು, ಊರು ಬಿಟ್ಟ ನೆನಪು ಇದ್ದರೆ 1876–78ರ ಮಹಾಬರವನ್ನು ಮೊದಲು ಪರಿಶೀಲಿಸಿ, ಆ ಹೆಸರನ್ನು ಸರ್ವೆಯ ಖಾತೆಯೊಡನೆ ಹೋಲಿಸಬೇಕು.

ಈ ಕೆಲಸ ಒಬ್ಬರಿಂದ ಆಗುವಂಥದಲ್ಲ. ಪೇಶ್ವೆ ಕಾಲದ ಪತ್ರಗಳು ಮೋಡಿ ಲಿಪಿಯಲ್ಲಿವೆ. ಮೊದಲೇ ಎಳೆದ ತಲೆಗೆರೆಗೆ ಅಕ್ಷರಗಳನ್ನು ತೂಗುಬಿಟ್ಟು, ಪದಗಳ ನಡುವೆ ತೆರಪಿಲ್ಲದೆ ಬರೆಯುವ ಆ ಲಿಪಿಯನ್ನು ಬಲ್ಲವರ ನೆರವು ಬೇಕು. ರಾಣೆಬೆನ್ನೂರಿಗೋ ಬ್ಯಾಡಗಿಗೋ ಹೋಗಿ ನೆಲೆಸಿದ ದಾಯಾದಿಗಳಲ್ಲಿ ವಾಟ್ನಿಪತ್ರ, ಅಂದರೆ ಪಾಲುಪಟ್ಟಿ, ಉಳಿದಿರಬಹುದು. ಇವರೆಲ್ಲರ ಸಾಲಿನಲ್ಲಿ ಹೆಳವರನ್ನೂ ಸಂಶೋಧಕರೆಂದೇ ಕೂರಿಸಬೇಕು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿರುವ ಈ ಹೊತ್ತಿನಲ್ಲಿ, ಮುಂದಿನ ಸಲ ಬಂದಾಗ ಅವರ ಮಾತನ್ನು ಧ್ವನಿಮುದ್ರಿಸಿ, ಒಪ್ಪಿಗೆ ಪಡೆದು ಹೊತ್ತಗೆಯ ಛಾಯಾಪ್ರತಿ ತೆಗೆದು, ತಕ್ಕ ಸಂಭಾವನೆ ಕೊಡುವುದು ಪ್ರತಿ ಮನೆತನದ ಕರ್ತವ್ಯ.